ಓರಗಿತ್ತಿಯರ ಕಂಬ

ಕಂಡಕ್ಟರಮ್ಮ ಕಂಬ ಹಿಡಿದು ನಿಂತ ಭಂಗಿ ನೋಡಿದರೆ ಕುಣಿತ ಕಲಿಯಲು ಬಂದವಳು ಅನ್ನಿಸುತ್ತಿರಲಿಲ್ಲ. ಕಳ್ಳನನ್ನು ಹಿಡಿದಿಟ್ಟು ಪೊಲೀಸರಿಗೆ ಕಾಯುತ್ತಿದ್ದಾಳೆ ಅನ್ನಿಸುತ್ತಿತ್ತು. ಎರಡೂ ಕಾಲು ಅಗಲ, ಕಂಬಕ್ಕೆ ಮೊಣಕೈ ಕೊಂಡಿ, ಮುಖದ ತುಂಬ 'ಒಳಗೆ ನಡೀರಿ'. ವರ್ಷಗಟ್ಟಲೆ ಓಡುವ ಬಸ್ಸಿನಲ್ಲಿ ಹೀಗೇ ನಿಂತು ಬದುಕಿದ ಮೈ. ಬಸ್ಸಿನಲ್ಲಿ ಕಾಲು ನೆಲ ಬಿಟ್ಟರೆ ಹಲ್ಲು ಬಾಯಿ ಬಿಡುತ್ತದೆ. ಇಲ್ಲಿ ನೋಡಿದರೆ ಕಾಲು ನೆಲ ಬಿಡುವುದೇ ಮೊದಲ ಪಾಠ.

"ಏನಮ್ಮಾ, ಕಂಬ ಓಡಿಹೋಗುತ್ತಾ? ಹತ್ತು!" ಟೀಚರ್ ಗದರಿದಳು.

ಟೈರ್ ಅಂಗಡಿಯ ಮೇಲಿನ ಆ ಪೋಲ್ ಡ್ಯಾನ್ಸ್ ಹಾಲ್‌ನಲ್ಲಿ ಇದ್ದದ್ದು ನೆಲದಿಂದ ಸೂರಿನವರೆಗೆ ನಿಂತ ನಾಲ್ಕು ಸ್ಟೀಲ್ ಕಂಬ, ಗೋಡೆ ತುಂಬ ಕನ್ನಡಿ, ಮತ್ತು ಟೀಚರ ಬಾಯಿ. "ಇವತ್ತು ಕಾಲೆತ್ತಿ, ನಾನು ಸಾಕು ಅನ್ನೋವರೆಗೂ ನೇತಾಡ್ಬೇಕು. ಆಗಲ್ವಾ, ನಾಳೆಯಿಂದ ಮುಖ ತೋರಿಸ್ಬೇಡ. ನಿನ್ನ ಜಾಗಕ್ಕೆ ಕಾಯೋರಿದಾರೆ."

ಕಾಯುತ್ತಿದ್ದವಳು ಓರಗಿತ್ತಿಯ ತಂಗಿ. ಓರಗಿತ್ತಿ ಅಂದರೆ ಕಂಡಕ್ಟರಮ್ಮನ ಭಾವನ ಹೆಂಡತಿ; ಮನೆಯಲ್ಲಿ ಅಡುಗೆಮನೆ ಒಂದೇ, ಸೈನ್ಯ ಎರಡು. ಮೊದಲೇ ಇಲ್ಲಿ ಸೇರಿ ಟೀಚರ ಬಲಗೈ ಆಗಿದ್ದ ಅವಳು, ಪಕ್ಕದ ಕಂಬದ ಮೇಲೆ ಸೋಫಾದಲ್ಲಿ ಕೂತಂತೆ ಕೂತಿದ್ದಳು.

"ಬೈಬೇಡಿ ಮೇಡಂ, ಪಾಪ. ಇವಳು ಸ್ಟೂಲ್ ಹತ್ತಿದ್ರೆ ಸ್ಟೂಲೇ ಅಳುತ್ತೆ ಅಂತಾರೆ ನಮ್ಮತ್ತೆ."

"ಅಕ್ಕಾ, ನಿಮ್ಮ ಬಾಯಿಗೊಂದು ಬಾಗಿಲು ಮಾಡ್ಸಿ. ಬಡಗೀನ ನಾನೇ ಕರ್ಕೊಂಡ್ ಬರ್ತೀನಿ."

ಈ ಜಾಗ ಕಂಡಕ್ಟರಮ್ಮನಿಗೆ ಬೇಕೇ ಬೇಕಿತ್ತು. ದಿನವಿಡೀ ಕಂಡವರ ಮೊಣಕೈ, ಚೀಲ, ಬೆವರು ತಿನ್ನುವ ಮೈ ಅದು. ಇಲ್ಲಿ ಮಾತ್ರ ಅವಳ ಸುತ್ತ ಕೈಚಾಚುವಷ್ಟು ಖಾಲಿ ಗಾಳಿ. ಅದಕ್ಕಾಗಿ ತೊಡೆಯ ಮೇಲೆ ಬದನೆಕಾಯಿ ಬಣ್ಣದ ಕಲೆ ಸಹಿಸಿದ್ದಳು. ಗಂಡನ 'ಈ ವಯಸ್ಸಲ್ಲಿ ಚಡ್ಡೀನಾ?' ಕೂಡ. ಬರಿಚರ್ಮವಷ್ಟೇ ಜಾರದೆ ಕಂಬ ಕಚ್ಚುತ್ತದೆ ಅಂತ ಆ ಮಹಾರಾಯನಿಗೆ ಹೇಳಿ ಸಾಕಾಗಿತ್ತು.

ಅವಳು ನೀರು ಕುಡಿಯಲು ಹೋದಳು. ಓರಗಿತ್ತಿ ಸದ್ದಿಲ್ಲದೆ ಇಳಿದಳು. ಪ್ರತಿ ಕಂಬದ ಬುಡದಲ್ಲೂ ಒಂದು ತಿರುಪು. ಬಿಗಿದರೆ ಕಂಬ ಬಂಡೆ, ಸಡಿಲಿಸಿದರೆ ಬುಗುರಿ. ಹೊಸಬರಿಗೆ ಬಿಗಿದಿರಲೇಬೇಕು. ಓರಗಿತ್ತಿ ನೆಲ ಒರೆಸುವವಳಂತೆ ಬಗ್ಗಿ, ಕಂಡಕ್ಟರಮ್ಮನ ಕಂಬಕ್ಕೆ ಕೀಲಿ ಹಾಕಿ ತಿರುಪು ಸಡಿಲಿಸಿ, ಸಾಧ್ವಿಯಂತೆ ಎದ್ದು ನಿಂತಳು.

ಕಂಡಕ್ಟರಮ್ಮ ಬಂದು ಕೈಯಿಟ್ಟಳು. "ಮೇಡಂ, ಕಂಬ ತಿರುಗ್ತಿದೆ."

ಟೀಚರ್ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಳಂತೆ."

ಹಾಲ್ ಪೂರ್ತಿ ಕಿಸಕ್ಕೆಂದಿತು. "ನೆಲದ ಕಾಲ ಮುಗೀತು ಮೇಡಂ, ಈಗ ಕಂಬದ ಸರದಿ" ಅಂದಳು ಓರಗಿತ್ತಿ.

ಕಂಡಕ್ಟರಮ್ಮನ ಸಿಟ್ಟು ನೆತ್ತಿಗೇರಿತು. ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಕಂಬ ಹಿಡಿದು ಜಿಗಿದೇಬಿಟ್ಟಳು. ಗಿರ್ರನೆ ತಿರುಗಿತು ಕಂಬ! ಕಾಲು ಇಳಿಸಿದರೆ ಮೂಳೆ ಪುಡಿ ಅಂತ ಹೆದರಿ ತೊಡೆ, ಮೊಣಕಾಲು, ಪಾದ ಎಲ್ಲ ಕಂಬಕ್ಕೆ ಬೀಗ ಹಾಕಿದವು. ಆದರೆ ಬಾಯಿಗೆ ಬೀಗ ಎಲ್ಲಿ?

"ಡೊಂಕಂತೆ ಡೊಂಕು, ನಿಮ್ಮ—" ಅನ್ನುವಷ್ಟರಲ್ಲಿ ತಿರುಗುವ ಕಣ್ಣೆದುರಿನಿಂದ ಟೀಚರ್ ಹೋಗಿ ಓರಗಿತ್ತಿ ಬಂದಳು. ಅವಳ ಮುಷ್ಟಿಯಲ್ಲಿ ಕೀಲಿ.

"—ನೀನೇನೇ! ನಿನ್ ಮನೆ ಕಾಯ್ವಾಗ! ಇಳೀತೀನಿ ಇರು, ನಿನ್ನ—"

ಕನ್ನಡಿ ಬಂತು. ಅದರೊಳಗೆ ಕೂದಲು ಕೆದರಿದ ಹೆಂಗಸೊಬ್ಬಳು ಗಾಳಿಯಲ್ಲಿ ತೇಲುತ್ತಿದ್ದಳು. ಅವಳ ಎರಡೂ ಪಾದ ನೆಲದಲ್ಲಿರಲಿಲ್ಲ. ಅವಳನ್ನು ಮಾತ್ರ ಬೈಯಲು ಬಾಯಿ ಬರಲಿಲ್ಲ.

ಮುಂದಿನ ಸುತ್ತಿಗೆ ಬೈಗುಳ ಮತ್ತೆ ಶುರುವಾಯಿತು.

"ಸಾಕು! ಸಾಕು ಇಳಿಯೇ ಮಾರಾಯ್ತಿ!" ಟೀಚರ್ ಓಡಿಬಂದು ಕಂಬ ಹಿಡಿದಳು.

"ಸಾಕು ಅಂದ್ರಿ" ಏದುಸಿರು ಬಿಡುತ್ತ ಕೆಳಗೆ ಜಾರಿದಳು ಕಂಡಕ್ಟರಮ್ಮ. "ಎಲ್ಲರಿಗೂ ಕೇಳಿಸ್ತು. ಜಾಗ ನಂದು."

ಟೀಚರ್ ತಿರುಪು ನೋಡಿದಳು, ಓರಗಿತ್ತಿಯ ಮುಷ್ಟಿ ನೋಡಿದಳು. "ಸರಿ. ನಾಳೆಯಿಂದ ನೀವಿಬ್ರೂ ಜೋಡಿ. ಒಬ್ಬಳು ತಲೆಕೆಳಗಾಗಿ ನೇತಾಡ್ಬೇಕು, ಇನ್ನೊಬ್ಬಳು ಕೆಳಗೆ ನಿಂತು ಹಿಡ್ಕೋಬೇಕು. ಯಾರು ಬಿದ್ರೂ ಇಬ್ರೂ ಔಟು."

ಮರುದಿನ ಬೇರೆ ಜೋಡಿಗಳೆಲ್ಲ ಹತ್ತಿ ಇಳಿದವು. ಇವರ ಕಂಬ ಮಾತ್ರ ಖಾಲಿ.

"ದೊಡ್ಡೋರು ನೀವು. ಮೊದಲು ಹತ್ತಿ ಅಕ್ಕಾ, ಹಿಡ್ಕೋತೀನಿ."

"ಅಯ್ಯೋ, ಚಿಕ್ಕೋಳು ನೀನು. ನೀನೇ ಹತ್ತಮ್ಮಾ, ನಾನಿದೀನಲ್ಲ."

ಇಬ್ಬರೂ ಕಂಬಕ್ಕೆ ಕೈಯಿಟ್ಟು ನಗುತ್ತಿದ್ದರು. ಇಬ್ಬರ ಕಣ್ಣೂ ನಗುತ್ತಿರಲಿಲ್ಲ. ಕಂಬದಿಂದ ಮೊದಲು ಕೈ ತೆಗೆದು ಸೋತವಳು ತಾನಾಗಬಾರದೆಂದು, ಕ್ಲಾಸು ಮುಗಿದರೂ ಇಬ್ಬರೂ ಅಲ್ಲೇ ನಿಂತಿದ್ದರು.