ಎರಡು ಸಲ ಬೆಂಕಿ ಕಂಡ ಕಾಲುಂಗುರ

ನಾನು ಒಂದು ಬೆಳ್ಳಿಯ ಕಾಲುಂಗುರ. ಹುಟ್ಟಿದ್ದು ಹುಬ್ಬಳ್ಳಿಯ ಅಕ್ಕಸಾಲಿಗ ಮೌನೇಶ ಪತ್ತಾರರ ಕುಲುಮೆಯಲ್ಲಿ. ಬಲಗಾಲಿಗೆ ನಾನು, ಎಡಗಾಲಿಗೆ ನನ್ನ ಜೋಡಿ. ಕುತ್ತಿಗೆಯ ತಾಳಿಗೆ ಸಿಗುವ ಮರ್ಯಾದೆ ನಮಗೆಲ್ಲಿ! ಆದರೂ ಮದುವೆಯ ದಿನ ಹಾರ್ಡ್‌ವೇರ್ ಅಂಗಡಿಯ ಪ್ರಭುಲಿಂಗ ಎಲ್ಲರೆದುರು ಬಗ್ಗಿ ವಿನುತಾಳ ಕಾಲು ಹಿಡಿದದ್ದು ನಮಗಾಗಿಯೇ. ಆ ಜಂಬ ನನಗಿನ್ನೂ ಇಳಿದಿಲ್ಲ.

ವಿನುತಾ ಮೊದಲು ಸೀರೆ ಅಂಗಡಿಯ ಜಾಹೀರಾತಿಗೆ ನಿಂತಳು. ಬ್ಯಾನರ್ ಏರಿದಾಗ ಪ್ರಭುಲಿಂಗ ಗಿರಾಕಿಗಳನ್ನೆಲ್ಲ ಕರೆದು ತೋರಿಸಿದ. ಆಮೇಲೆ ಚಪ್ಪಲಿ ಕಂಪನಿಯೊಂದು ಕರೆಯಿತು. ಬೆರಳಲ್ಲಿ ಏನೂ ಇರಬಾರದು ಎಂದರು. ಅವಳು ನಮ್ಮನ್ನು ಕರವಸ್ತ್ರದಲ್ಲಿ ಕಟ್ಟಿಟ್ಟು, ಕೆಲಸ ಮುಗಿದ ಮೇಲೆ ತೊಟ್ಟುಕೊಂಡಳು. ಆದರೆ ಬೋಳು ಬೆರಳಿನ ಬ್ಯಾನರ್ ಊರಿಗೆಲ್ಲ ಕಂಡಿತು. ನಮ್ಮ ಕಡೆ ಕಾಲುಂಗುರ ತೆಗೆಯುವುದು ಗಂಡ ಸತ್ತಾಗ.

"ನಾ ಇನ್ನೂ ಬದುಕೇನಿ, ವಿನುತಾ! ಮಂದಿ ಅಂಗಡಿಗೆ ಬಂದು ಕೇಳ್ತಾರ," ಎಂದು ಪ್ರಭುಲಿಂಗ ಉರಿದುಬಿದ್ದ.

"ನೀವು ನೂರು ವರ್ಷ ಇರ್ರಿ. ಫೋಟೋ ಮುಗಿದ ಕೂಡ್ಲೇ ಹಾಕ್ಕೋತೀನಿ. ಆದ್ರ ಈ ಕೆಲಸ ಬಿಡಂಗಿಲ್ಲ."

ಮನೆಯಲ್ಲಿ ಮಾತು ನಿಂತಿತು. ಅಷ್ಟರಲ್ಲಿ ಅದೇ ಕಂಪನಿ ಇಡೀ ವರ್ಷದ ಕೆಲಸ ಕೊಡುತ್ತೇವೆಂದಿತು. ಫೋಟೋದ ಹಿಂದಿನ ದಿನ ಪ್ರಭುಲಿಂಗ ಮೆತ್ತಗೆ ಕರೆದ. "ಉಂಗುರ ಸಡಿಲಾಗ್ಯಾವ, ಬಾ ಇಲ್ಲೆ." ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅಂಗಡಿಯ ಇಕ್ಕಳದಿಂದ ನಮ್ಮನ್ನು ಬಿಗಿದ. ಮುನಿದ ಗಂಡ ಕಾಲು ಹಿಡಿದನಲ್ಲ ಎಂದು ಅವಳು ನಕ್ಕಳು. ನಾನೂ ಮೋಸಹೋದೆ.

ಬೆಳಿಗ್ಗೆ ಸೋಪು ಹಚ್ಚಿದಳು, ಎಣ್ಣೆ ಸುರಿದಳು. ನಾವು ಜಗ್ಗಲಿಲ್ಲ. ಬೆರಳು ಬಾತುಕೊಂಡಿತು. ಆಗ ಅವಳಿಗೆ ಗಂಡನ ಅಕ್ಕರೆಯ ಅರ್ಥ ಆಯಿತು. ಕಣ್ಣು ತುಂಬಿತು, ಆದರೆ ಅಳುತ್ತ ಕೂರುವ ಹೆಣ್ಣಲ್ಲ ಅವಳು. ಕುಂಟುತ್ತಲೇ ಪತ್ತಾರರ ಅಂಗಡಿಗೆ ಹೋದಳು.

"ಕತ್ತರಿಸ್ರಿ, ಕಾಕಾ."

"ಮುತ್ತೈದಿ ಕಾಲಂದು, ತಂಗಿ. ನನ್ನ ಕೈಲೆ ಹೆಂಗ ಕತ್ತರಿಸ್ಲಿ?"

"ಬೆರಳು ನಂದು. ಕತ್ತರಿಸ್ರಿ."

ನನ್ನ ಮೈ ಸೀಳಿತು, ನನ್ನ ಜೋಡಿಯದೂ ಅದೇ ಗತಿ. ನಿಜ ಹೇಳಲೇ? ನನಗೆ ನೋವಿಗಿಂತ ಸಮಾಧಾನವೇ ಹೆಚ್ಚಾಯಿತು. ಆ ಬೆರಳನ್ನು ಹಿಸುಕುತ್ತಿದ್ದವನು ನಾನೇ ತಾನೆ!

ಕಂಪನಿಯವರು ಕೆಂಪು ಗುರುತಿನ ಮೇಲೆ ಪೌಡರ್ ಬಳಿದು ಫೋಟೋ ತೆಗೆದರು. ಸಂಜೆ ಅವಳು ನಮ್ಮನ್ನು ಗಂಡನ ಅಂಗೈಯಲ್ಲಿಟ್ಟಳು. "ಪತ್ತಾರ ಕಾಕಾನ ಕಡೆ ಬೆಸಿಗಿ ಹಾಕಿಸ್ಕೊಂಡು ಬರ್ರಿ. ತೊಡ್ಸೂದು ನಿಮ್ಮ ಕೈಯಾಗಿರ್ಲಿ, ತೆಗಿಯೂದು ನನ್ನ ಕೈಯಾಗ. ಒಪ್ಪಿಗಿ ಇಲ್ಲಾಂದ್ರ ಅವನ್ನ ಅಲ್ಲೇ ಬಿಟ್ಟು ಬರ್ರಿ."

ಅವನು ನಮ್ಮನ್ನು ಮೊಳೆಯ ಡಬ್ಬಿಗೆ ಎಸೆದ. ಆದರೆ ಗಿರಾಕಿ ಮೊಳೆ ಕೇಳಿದಾಗಲೆಲ್ಲ ಅವನ ಬೆರಳಿಗೆ ನಾವೇ ತಾಗಬೇಕೇ! ಕೊನೆಗೊಂದು ದಿನ ಜೇಬಿಗೆ ಹಾಕಿಕೊಂಡು ಹೊರಟ.

"ಬಿಗಿ ಮಾಡ್ಲೋ, ಸಡಿಲೋ?" ಪತ್ತಾರರು ಕೇಳಿದರು.

ಪ್ರಭುಲಿಂಗ ನಮ್ಮನ್ನು ಜೇಬಿನಿಂದ ತೆಗೆದು ಅವರ ಕೈಗಿಟ್ಟ. "ಸಡಿಲ ಇರ್ಲಿ. ಆಕೀಗೆ ತೆಗಿಯಾಕ ಬರಬೇಕು."

ಈಗ ನಾನು ಸವೆದಿದ್ದೇನೆ, ಬೆಸುಗೆಯ ಗೆರೆಯೊಂದು ಮೈಮೇಲಿದೆ. ವಿನುತಾ ಫೋಟೋಕ್ಕೆ ಹೊರಟ ದಿನ ನಮ್ಮನ್ನು ಬಿಚ್ಚಿ ಗಂಡನ ಅಂಗಿಯ ಜೇಬಿಗೆ ಹಾಕುತ್ತಾಳೆ. ಸಂಜೆ ಬಂದು ಕಾಲು ಚಾಚುತ್ತಾಳೆ. ಮದುವೆಯಲ್ಲಿ ಅವನು ಬಗ್ಗಿದ್ದು ಒಂದೇ ಸಲ, ಅದೂ ಎಲ್ಲರೂ ನೋಡುತ್ತಿದ್ದಾರೆಂದು. ಈಗ ನೋಡುವವರು ಯಾರೂ ಇಲ್ಲ, ಆದರೂ ಬಗ್ಗುತ್ತಾನೆ.