ಅಂಬರ್ ಏಲಿನಲ್ಲಿ ಬೆಣ್ಣೆ

ಬಣ್ಣಕ್ಕೇನೂ ಕೊರತೆಯಿಲ್ಲ, ತಿಕ್ಕಿ ತೊಳೆದು ಬೆಳಕಿಗೆ ಹಿಡಿದ ತಾಮ್ರ, ನೊರೆ ಗಾಜಿನ ಅಂಚಿಗೆ ಅಂಟಿಕೊಂಡು ಇಳಿಯಲು ಮನಸ್ಸಿಲ್ಲದೆ ಕೂತಿದೆ, ಅವಳಿಗೂ ಏಳಲು ಮನಸ್ಸಿಲ್ಲ, ಬೆಳಗಿನಿಂದ ಈ ಉದ್ದನೆಯ ಮೇಜಿನ ಮುಂದೆ ಕೂತು ಕೂತು ಸೊಂಟ ಕೊರಡಾಗಿದೆ, ನಾಲಿಗೆ ಒದ್ದೆ ಬಟ್ಟೆಯಾಗಿದೆ, ನೀರು ಕುಡಿ, ಬಿಸ್ಕತ್ತು ಕಡಿ, ಮುಂದಿನ ಗ್ಲಾಸು ಎತ್ತು, ಎಲ್ಲವೂ ಸ್ಪರ್ಧೆಗೆ ಬಂದ ಹೆಸರಿಲ್ಲದ ಬಿಯರ್ ಗ್ಲಾಸುಗಳು, ಯಾರು ಕುದಿಸಿದರೋ ಯಾರು ನಿದ್ದೆಗೆಟ್ಟು ಕಾದರೋ ತೀರ್ಪು ಹೇಳುವವರಿಗೆ ತಿಳಿಯಬಾರದು — ದೇವರೂ ನಮ್ಮನ್ನು ಹೀಗೇ ನೋಡುತ್ತಾನೇನೋ, ಹೆಸರು ಕೇಳದೆ, ಬೆಳಕಿಗೆ ಹಿಡಿದು, ಮೂಸಿ, ಸುಮ್ಮನೆ ಒಂದು ಕ್ಷಣ ಕಣ್ಣು ಮುಚ್ಚಿ — ಏನಮ್ಮಾ, ಧ್ಯಾನವೋ ನಿದ್ದೆಯೋ, ಎನ್ನುತ್ತಾರೆ ಬಲಗಡೆಯ ಗಡ್ಡದವರು, ಈ ಮೇಜಿನ ಮೂವರು ತೀರ್ಪುಗಾರರಲ್ಲಿ ಹಿರಿಯರು, ಈ ಹೊತ್ತಿಗೆ ಎರಡೂ ಒಂದೇ ಬಿಡಿ ಸಾರ್, ಎನ್ನುತ್ತಾಳೆ ಅವಳು, ಎಡಗಡೆ ಕೂತ ಕನ್ನಡಕದ ಹುಡುಗಿ ಕಿಸಕ್ಕನೆ ನಗುತ್ತಾಳೆ, ಪಾಪ, ಮೊದಲ ಸಲ ಬಂದವಳು, ಪ್ರತಿ ಗ್ಲಾಸಿಗೂ ಪರೀಕ್ಷೆಗೆ ಕೂತವಳಂತೆ ಬೆವರುತ್ತಾಳೆ, ನಗಲಿ, ಒಂದು ಗುಟುಕು, ನಾಲಿಗೆಯ ಮೇಲೆ ಉರುಳಿಸಬೇಕು, ನುಂಗಬೇಕು, ಮೂಗಿನಿಂದ ಉಸಿರು ಬಿಡಬೇಕು — ಸುಟ್ಟ ಸಕ್ಕರೆ, ಕಿತ್ತಳೆ ಸಿಪ್ಪೆಯ ಸಣ್ಣ ಕಹಿ, ಅದರ ಹಿಂದೆ, ಅಯ್ಯೋ, ಒಲೆಯಲ್ಲಿ ಮರೆತ ಬ್ರೆಡ್ಡಿನ ಅಂಚು.

ಇದು ಅಣ್ಣನದು. ಚೀಟಿ ಅಂಟಿಸಲಿ ಬಿಡಲಿ, ಅವಳಿಗೆ ಗೊತ್ತು, ಮಾಲ್ಟನ್ನು, ಮೊಳಕೆ ಬರಿಸಿ ಒಣಗಿಸಿದ ಆ ಬಾರ್ಲಿಯನ್ನು, ಕೊಂಡು ತಂದಂತೆಯೇ ಹಾಕುವವನಲ್ಲ ಅವನು, ಒಂದು ಪಾಲನ್ನು ಮನೆಯ ಅಡುಗೆಕೋಣೆಯಲ್ಲಿ ತಟ್ಟೆಯ ಮೇಲೆ ಹರಡಿ ಅಂಚು ಕೆಂಪಾಗುವ ತನಕ ಹುರಿಯುತ್ತಾನೆ, ಮನೆಯೆಲ್ಲ ಹೊಗೆ, ಅಮ್ಮ ಸೆರಗು ಬೀಸಿಕೊಂಡು, ನಿನ್ನ ಬಿಯರು ಕುಡಿಯೋವ್ರು ಕುಡೀಲಿ, ನನ್ನ ಕಣ್ಣಿಗ್ಯಾಕೋ ಶಿಕ್ಷೆ — ಇನ್ನೊಂದು ಗುಟುಕು ಬೇಕಾಗಿರಲಿಲ್ಲ, ಆದರೂ ಕೈ ತಾನಾಗಿ ಎತ್ತಿತು, ಈಗ ಬಂತು, ಎಲ್ಲ ರುಚಿಯೂ ಸರಿದ ಮೇಲೆ ತುಟಿಗೆ ಜಿಡ್ಡಿನಂತೆ ಸವರಿಕೊಂಡು, ಬೆಣ್ಣೆ. ಇರಬಾರದ ಬೆಣ್ಣೆ. ಈಸ್ಟು ಮೊದಮೊದಲು ಆ ವಾಸನೆಯನ್ನು ತಾನೇ ಬಿಡುತ್ತದೆ, ಬೆಚ್ಚಗೆ ಬಿಟ್ಟರೆ ಕೊನೆಯಲ್ಲಿ ತಾನೇ ನೆಕ್ಕಿ ತೆಗೆಯುತ್ತದೆ, ಎಂಜಲೆತ್ತಿ ನೆಲ ಒರೆಸುವ ಮನೆಮಗಳ ಹಾಗೆ, ಅವಸರ ಮಾಡಿ ಬಿಯರು ಹುದುಗುವ ಟ್ಯಾಂಕು ತಣ್ಣಗೆ ಮಾಡಿದರೆ ಈಸ್ಟು ಅಲ್ಲೇ ಮಲಗಿಬಿಡುತ್ತದೆ, ಬೆಣ್ಣೆ ಹಾಗೇ ಉಳಿಯುತ್ತದೆ — ಅವಸರದವನಲ್ಲವಲ್ಲ ಅಣ್ಣ, ಉಣ್ಣಲು ಕರೆದರೂ ಅರ್ಧ ಗಂಟೆ ಬಿಟ್ಟು ಬರುವವನು. ಅವಸರ ಅವಳದು, ಆಸ್ಪತ್ರೆಯಿಂದ ಫೋನು ಮಾಡಿದವಳು ಅವಳೇ. ಅಣ್ಣಾ, ಅಮ್ಮ ನಿಲ್ಲೋ ಹಾಗಿಲ್ಲ, ಈಗಲೇ ಹೊರಡು. ಟ್ಯಾಂಕು ಬೆಚ್ಚಗಿದೆ ಕಣೇ, ನೋಡ್ಕೊಳೋರು ಯಾರೂ ಇಲ್ಲ. ಟ್ಯಾಂಕು ಹಾಳಾಗಿ ಹೋಗ್ಲಿ, ಬಾ. ಸರಿ, ತಣ್ಣಗೆ ಮಾಡಿಟ್ಟು ಬಂದೆ. ಬಂದ, ಚಪ್ಪಲಿ ಹಾಕಿಕೊಳ್ಳುವ ವ್ಯವಧಾನವೂ ಇಲ್ಲದೆ, ಟ್ಯಾಂಕು ತೊಳೆಯುವ ಕಪ್ಪು ರಬ್ಬರ್ ಬೂಟಿನಲ್ಲೇ ಆಸ್ಪತ್ರೆಯ ಆ ಬಿಳಿ ನೆಲದ ಮೇಲೆ, ಹೆಜ್ಜೆಗೊಂದು ಒದ್ದೆ ಗುರುತು, ನರ್ಸು ಗದರಿಕೊಂಡೇ ಹಿಂದೆ ಬಂದಳು, ಅಮ್ಮ ಕಣ್ಣು ಬಿಟ್ಟು ಕೆಳಗೆ ನೋಡಿ, ಬೂಟು ಹಾಕ್ಕೊಂಡೇ ಬಂದ್ಯೇನೋ, ಎಂದಳು, ನಕ್ಕಳು, ಆಮೇಲೆ ಮಾತಾಡಲಿಲ್ಲ.

ನನಗೆ ಓಕೆ, ಚಿನ್ನದ ಪದಕಕ್ಕೇ ಹೋಗ್ಲಿ ಅನ್ನಿಸುತ್ತೆ, ಎನ್ನುತ್ತಾರೆ ಗಡ್ಡದವರು, ಅವರ ಮೂಗಿಗೆ ಬೆಣ್ಣೆ ಹತ್ತುವುದಿಲ್ಲ, ಕೆಲವರಿಗೆ ಹುಟ್ಟಿನಿಂದಲೇ ಹತ್ತುವುದಿಲ್ಲ, ಅಣ್ಣನಿಗೂ ಇಲ್ಲ, ಅದಕ್ಕೇ ಪ್ರತಿ ಸಲ ಬಾಟಲಿಗೆ ತುಂಬುವ ಮೊದಲು ಅವಳನ್ನು ಕರೆಯುತ್ತಿದ್ದ, ಬಾರೇ ಮೂಗಮ್ಮಾ, ನಿನ್ನ ಮೂಗೇ ನನ್ನ ಮೂಗು, ಈ ಸಲವೂ ಕರೆದಿದ್ದ, ಅಮ್ಮ ಹೋಗಿ ಮನೆ ಖಾಲಿಯಾದ ವಾರ, ಈ ಸಲ ನೀನೇ ನೋಡ್ಕೋ ಅಣ್ಣಾ, ನನ್ ಕೈಲಾಗಲ್ಲ, ಎಂದಿದ್ದಳು, ಎಷ್ಟು ಸುಸ್ತು, ದೇವರೇ, ಸಾವಿಗಿಂತ ಸಾವಿನ ನಂತರದ ಪಾತ್ರೆಪಗಡ ಎತ್ತಿಡುವುದೇ ಎಷ್ಟು ಸುಸ್ತು. ಪದಕ ಬಂದ್ರೆ ಕೆಲಸ ನಡೆಯುತ್ತೆ, ಇಲ್ದಿದ್ರೆ ಟ್ಯಾಂಕು ಮಾರಿ ಯಾರ ಕೈಕೆಳಗಾದ್ರೂ ಸೇರ್ಕೋತೀನಿ, ಅವನು ಹೇಳಿದ್ದು ಅಷ್ಟೇ. ಯಾರದೆಂದು ಗುರುತು ಸಿಕ್ಕ ಗ್ಲಾಸನ್ನು ಮಾತಿಲ್ಲದೆ ಮುಂದಕ್ಕೆ ತಳ್ಳಬೇಕು, ಮಿಕ್ಕ ಇಬ್ಬರು ತೀರ್ಮಾನಿಸುತ್ತಾರೆ, ಅದು ಇಲ್ಲಿನ ನಿಯಮ, ಎಷ್ಟು ಸುಲಭದ ನಿಯಮ, ತಳ್ಳಿದರೆ ಸಾಕು, ಬಾಯಿ ಮುಚ್ಚಿಕೊಂಡರೆ ಸಾಕು, ಅಣ್ಣ ಗೆಲ್ಲುತ್ತಾನೆ, ಗೆದ್ದು ಇದನ್ನೇ ಪೀಪಾಯಿಗಟ್ಟಲೆ ತುಂಬಿ ಕಳಿಸುತ್ತಾನೆ, ತುಟಿಗಿಟ್ಟವರು ಒಬ್ಬೊಬ್ಬರಾಗಿ ಮುಖ ಸಿಂಡರಿಸುತ್ತಾರೆ, ಅವನಿಗೆ ಯಾಕೆಂದು ಎಂದಿಗೂ ತಿಳಿಯುವುದಿಲ್ಲ, ನಿನ್ನ ಮೂಗೇ ನನ್ನ ಮೂಗು, ತಳ್ಳು, ತಳ್ಳಬಾರದೇನೆ — ಒದ್ದೆ ಬೂಟು, ಬಿಳಿ ನೆಲ — ಮೇಡಂ, ಕೊನೇಲಿ ಏನೋ ಜಿಡ್ಡುಜಿಡ್ಡು, ನನಗೆ ಮಾತ್ರನಾ, ಕನ್ನಡಕದ ಹುಡುಗಿ ಪಿಸುಗುಟ್ಟಿ ತಾನೇ ಹೆದರಿ, ಇಲ್ಲ ಬಿಡಿ, ನನ್ನ ನಾಲಿಗೇನೇ ಸರಿಯಿಲ್ಲ, ಎನ್ನುತ್ತಾಳೆ, ಗಡ್ಡದವರು ನಗುತ್ತಾರೆ, ಹಸಿವಾಗಿದೆ ಮಗುವಿಗೆ.

ನಾಲಿಗೆ ಸರಿಯಿದೆ ಕಣಮ್ಮ, ಎನ್ನುವ ಮಾತು ಅವಳ ಬಾಯಿಂದಲೇ ಬರುತ್ತಿದೆ, ಗ್ಲಾಸನ್ನು ಅಂಗೈಯಲ್ಲಿ ತಬ್ಬಿ ಹಿಡಿ, ಬೆಚ್ಚಗಾಗಲಿ, ಮೇಲೆ ಕೈ ಮುಚ್ಚು, ಈಗ ತೆಗೆದು ಮೂಸು, ಹುಡುಗಿ ಮೂಸುತ್ತಾಳೆ, ಕನ್ನಡಕ ಮಂಜಾಗುತ್ತದೆ, ಹೌದು ಮೇಡಂ, ಬೆಣ್ಣೆ, ಪೂರ್ತಿ ಬೆಣ್ಣೆ, ಗಡ್ಡದವರು ಹೌದೇನ್ರೀ ಎಂದು ಅವಳ ಕಡೆ ತಿರುಗುತ್ತಾರೆ, ಹೌದು ಸಾರ್, ಇದಕ್ಕೆ ಪದಕ ಕೊಡೋಕಾಗಲ್ಲ, ಬೇಗ ತಣ್ಣಗೆ ಮಾಡಿದ್ದಾರೆ, ಇದು ಯಾರದು ಅಂತ ನನಗೆ ಗೊತ್ತು, ಮಾತಾಡಬಾರದಿತ್ತು, ಮಾತಾಡಿದೆ, ನನ್ನನ್ನ ಈ ಮೇಜಿನಿಂದ ಎಬ್ಬಿಸಿ ಬೇಕಾದ್ರೆ — ಯಾಕಷ್ಟು ಅವಸರ ಮಾಡಿದ್ನೋ ಪಾಪ, ಎನ್ನುತ್ತಾರೆ ಅವರು, ಪಾಪ, ಅವಳು ಗ್ಲಾಸನ್ನು ಈಗ ಮುಂದಕ್ಕೆ ತಳ್ಳುತ್ತಾಳೆ, ಸಂಜೆ ಅಣ್ಣನಿಗೆ ಫೋನು, ಏನು ಹೇಳಲಿ, ಬೆಣ್ಣೆ ಇದೆ ಅಣ್ಣಾ, ನೀನು ಸರಿಯಾದ ಹೊತ್ತಿಗೆ ಬಂದೆ ಅಣ್ಣಾ, ಬಂದೆ, ಬಿಳಿ ನೆಲ, ಅದರ ಮೇಲೆ ಬಾಗಿಲಿಂದ ಮಂಚದ ತನಕ ಒದ್ದೆ ಹೆಜ್ಜೆ, ಮಂಚದ ಪಕ್ಕ ಕಪ್ಪು ಬೂಟು, ಬೂಟಿನಿಂದ ಇಳಿಯುವ ನೀರು, ಅಮ್ಮ ಕೆಳಗೆ ನೋಡುತ್ತಾಳೆ, ಬೂಟು, ಇಳಿಯುವ ನೀರು