ಸಂಕನಹಾಳದ ಬಾವಿ

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಡಾಕ್ಟರ್ ಹ್ಯಾಡ್ಲಿ ನೆಲಮಾಳಿಗೆಗೆ ಇಳಿದು ಬಂದರು. ಮ್ಯೂಸಿಯಂನ ಕ್ಯುರೇಟರ್ ಅವರು. ನಮ್ಮಂಥವರಿಂದ ಏನಾದರೂ ಬೇಕಿದ್ದರೆ ಫೋನ್ ಮಾಡುತ್ತಿದ್ದರೇ ಹೊರತು ಇಳಿದು ಬರುತ್ತಿರಲಿಲ್ಲ. ಕೈಯಲ್ಲೊಂದು ಫ್ಯಾಕ್ಸ್ ಹಾಳೆಯಿತ್ತು.

"ಅನು, ಸಂಕನಹಾಳದ ಬಾವಿ ಅಂತ ಒಂದು ಚಿತ್ರ ಇದೆಯಲ್ಲ, ಆ ಹೆಸರು ಎಲ್ಲಿಂದ ಬಂತು?"

ಕೀಬೋರ್ಡಿನ ಮೇಲಿದ್ದ ನನ್ನ ಬೆರಳುಗಳು ಅಲ್ಲೇ ನಿಂತವು.

"ಸಂಜೆ ಪ್ರದರ್ಶನದ ಉದ್ಘಾಟನೆಗೆ ಲಂಡನ್ನಿನಿಂದ ಒಬ್ಬ ಪ್ರೊಫೆಸರ್ ಬರುತ್ತಿದ್ದಾರೆ. ಆ ಚಿತ್ರ ಬರೆದ ಸರ್ವೇಯರ್ ದಖ್ಖನ್ನಿನಲ್ಲಿ ಯಾವ ದಾರಿ ಹಿಡಿದು ಹೋದ ಅಂತ ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದಾರಂತೆ. ನಮ್ಮ ಪ್ರದರ್ಶನದ ಪಟ್ಟಿಯಲ್ಲಿ ಊರಿನ ಹೆಸರು ಓದಿ ಅವರಿಗೆ ನಿದ್ದೆಯೇ ಬಂದಿಲ್ಲ. ಆಧಾರ ಏನು ಅಂತ ಕೇಳಿದ್ದಾರೆ. ಐದು ಗಂಟೆಯೊಳಗೆ ಹುಡುಕಿ ಕೊಡುತ್ತೀಯಾ?"

"ಕೊಡ್ತೀನಿ" ಎಂದುಬಿಟ್ಟೆ.

ಅವರ ಚಪ್ಪಲಿಯ ಸದ್ದು ಮೆಟ್ಟಿಲು ಹತ್ತಿ ಮರೆಯಾಗುವವರೆಗೂ ನಾನು ಪರದೆಯನ್ನೇ ನೋಡುತ್ತ ಕೂತಿದ್ದೆ. ಆ ಹೆಸರು ಎಲ್ಲಿಂದ ಬಂತೆಂದು ಹುಡುಕುವ ಅಗತ್ಯವೇ ಇರಲಿಲ್ಲ. ಅದನ್ನು ಟೈಪ್ ಮಾಡಿದವಳು ನಾನೇ.

ನ್ಯೂಜೆರ್ಸಿಯ ಆ ಯೂನಿವರ್ಸಿಟಿಯಲ್ಲಿ ಬ್ರಿಟಿಷರ ಚಿತ್ರಕಲೆಗೆಂದೇ ಒಂದು ಮ್ಯೂಸಿಯಂ. ಮೇಲಿನ ಹಜಾರಗಳಲ್ಲಿ ಕುದುರೆಗಳು, ಬೇಟೆನಾಯಿಗಳು, ಬಿರುಗಾಳಿಗೆ ಸಿಕ್ಕಿದ ಹಡಗುಗಳು, ಉದ್ದ ಕತ್ತಿನ ದೊರೆಸಾನಿಯರು. ಕೆಳಗೆ ನಾನು ಮತ್ತು ಸುಬ್ಬು. ಹ್ಯಾರಿಯೆಟ್ ಎಂಬಾಕೆ ಮೂವತ್ತು ವರ್ಷ ಮಸಿಯಲ್ಲಿ ಬರೆದಿಟ್ಟಿದ್ದ ನಾಲ್ಕು ಸಾವಿರ ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವುದು ನಮ್ಮ ಕೆಲಸ. ಸುಬ್ಬು ಮೈಸೂರಿನವನು, ದಿನಾ ಹೋಬೋಕನ್ನಿನಿಂದ ರೈಲಿನಲ್ಲಿ ಬರುತ್ತಿದ್ದ. ಡೇಟಾಬೇಸ್ ಕಟ್ಟಿದವನು ಅವನು, ತುಂಬುವವಳು ನಾನು. ನನ್ನ ಕಾಂಟ್ರ್ಯಾಕ್ಟನ್ನು ಇನ್ನೊಂದು ವರ್ಷ ಮುಂದುವರಿಸುವ ಕಾಗದಕ್ಕೆ ಸೋಮವಾರ ಡಾಕ್ಟರ್ ಹ್ಯಾಡ್ಲಿ ಸಹಿ ಮಾಡಬೇಕಿತ್ತು. ಮಾಡದಿದ್ದರೆ ನಾನು ಕೆಲಸವಿಲ್ಲದೆ, ನನ್ನನ್ನು ಇಲ್ಲಿಗೆ ಕಳಿಸಿದ ಕಂಪನಿಯ ಬೆಂಚ್ ಮೇಲೆ. ಎರಡು ಸಾವಿರದ ಆ ಅಕ್ಟೋಬರಿನಲ್ಲಿ ಡಾಟ್‌ಕಾಮ್‌ಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಬೆಂಚ್ ಮೇಲೆ ಕೂತವರನ್ನು ಕಂಪನಿ ಎಷ್ಟು ದಿನ ಸಾಕುತ್ತದೆ, ವೀಸಾ ಎಷ್ಟು ದಿನ ಉಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆ ಕಾರ್ಡು ನನ್ನ ಕೈಗೆ ಬಂದದ್ದು ಮಾರ್ಚಿನಲ್ಲಿ. 'ಬಾವಿಯ ಬಳಿ ಹೆಂಗಸು. ದಕ್ಷಿಣ ದಖ್ಖನ್. ಪೆನ್ಸಿಲ್ ಮತ್ತು ಜಲವರ್ಣ.' ಅಷ್ಟೇ. ಜೊತೆಗಿದ್ದ ಫೋಟೋ ನೋಡಿ ನನ್ನ ಮೈ ಜುಮ್ಮೆಂದಿತು. ಮೆಟ್ಟಿಲುಬಾವಿಯ ಐದನೇ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ಕೂತಿದ್ದಾಳೆ. ಪಕ್ಕದಲ್ಲಿ ಎರಡು ಕೊಡ. ಒಂದು ನೆಟ್ಟಗೆ, ಒಂದು ಬೋರಲು.

ಅವಳು ನನಗೆ ಗೊತ್ತು. ಬರಗಾಲದಲ್ಲಿ ಅತ್ತೆ ಅವಳಿಗೆ ಎರಡು ಕೊಡ ಕೊಟ್ಟು, ತುಂಬದೆ ಮನೆಗೆ ಬರಬೇಡ ಎಂದಳು. ಬಾವಿ ಒಣಗಿತ್ತು. ಸೊಸೆ ಊರಿಗೆ ಬೆನ್ನು ಮಾಡಿ ಐದನೇ ಮೆಟ್ಟಿಲ ಮೇಲೆ ಕೂತಳು. ಒಂದು ಕೊಡ ನೀರಿಗೆಂದು ನೆಟ್ಟಗೆ, ಇನ್ನೊಂದು ಅತ್ತೆಯ ಮಾತಿಗೆಂದು ಬೋರಲು. ಮೂರನೆಯ ದಿನ ನೀರು ಬಂತು. ಅವಳು ಮಾತ್ರ ತಿರುಗಿ ನೋಡಲಿಲ್ಲ. ಈಗಲೂ ಕೂತಿದ್ದಾಳೆ, ಯಾರೂ ಕರೆಯಬಾರದು, ತಿರುಗಿದರೆ ನೀರು ಇಂಗುತ್ತದೆ. ಅಜ್ಜಿ ಈ ಕಥೆ ಹೇಳುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. "ಯಾವ ಬಾವಿ ಅಜ್ಜಿ?" ಎಂದರೆ, "ಯಾವುದಂದ್ರ? ನಮ್ಮ ಸಂಕನಹಾಳದ್ದ!" ಎನ್ನುತ್ತಿದ್ದಳು.

ಸುಬ್ಬು ಕಟ್ಟಿದ್ದ ಫಾರ್ಮಿನಲ್ಲಿ 'ಸ್ಥಳ' ಎಂಬ ಕಡೆ ಏನಾದರೂ ತುಂಬದೆ ಸೇವ್ ಆಗುತ್ತಿರಲಿಲ್ಲ. ಬೇರೆ ಕಾರ್ಡುಗಳಿಗೆ 'ಗೊತ್ತಿಲ್ಲ' ಎಂದು ಹೊಡೆದು ಮುಂದೆ ಹೋಗುತ್ತಿದ್ದೆ. ಇದಕ್ಕೆ ಹಾಗೆ ಹೊಡೆಯಲು ಕೈ ಬರಲಿಲ್ಲ, ನನಗೆ ಗೊತ್ತಿತ್ತಲ್ಲ! 'ಸಂಕನಹಾಳದ ಬಾವಿ' ಎಂದು ಹೊಡೆದೆ. ಈಗ ಅದೇ ಹೆಸರು ಮೇಲೆ ಗೋಡೆಯ ಫಲಕದಲ್ಲಿ, ಡಾಕ್ಟರ್ ಹ್ಯಾಡ್ಲಿಯವರ ಹೆಸರಿನ ಕೆಳಗೆ, ಎರಡು ತಿಂಗಳಿಂದ ಅವರು ಹೆಣಗಿದ ಪ್ರದರ್ಶನದಲ್ಲಿ.

ಬಾವಿ ನಿಜವಾಗಿ ಇದ್ದರೆ ಉಳಿದೆ ಎನಿಸಿತು. ಅಜ್ಜಿ ಹೋಗಿ ನಾಲ್ಕು ವರ್ಷ. ಆದರೆ ವೆಸ್ಟ್ ವಿಂಡ್ಸರಿನ ಅಮರೇಶ್ವರ ಅಂಕಲ್ ಮನೆಗೆ ಅವರ ತಾಯಿ ಬಂದಿದ್ದರು, ಶಿವಲಿಂಗಮ್ಮನವರು. ಅವರ ತವರು ಅದೇ ಸೀಮೆ. ಫೋನ್ ಮಾಡಿದೆ.

"ಯಾರು? ಅನುಶ್ರೀನ? ಊಟಾ ಆತೇನವಾ?"

"ಇನ್ನೂ ಇಲ್ರೀ ಅಮ್ಮಾರ. ಒಂದು ಕೇಳಬೇಕಿತ್ತು. ಬೆನ್ನು ಮಾಡಿ ಕೂತ ಸೊಸಿ ಬಾವಿ ಗೊತ್ತೇನ್ರಿ ನಿಮಗ?"

"ಗೊತ್ತಿಲ್ಲದ ಏನು! ಕಣ್ಣಾರೆ ನೋಡೇನಿ."

ಎದೆಯ ಮೇಲಿನ ಕಲ್ಲು ಸರಿದಂತಾಯಿತು. "ಸಂಕನಹಾಳದಾಗ ಐತಲ್ರೀ?"

"ಸಂಕನಹಾಳದಾಗ ಯಾಕಿರತೈತಿ? ನಮ್ಮೂರಾಗ ಐತಿ, ಕಲ್ಲೂರಾಗ. ನಮ್ಮವ್ವ ಬಟ್ಟು ಮಾಡಿ ತೋರಿಸಿದ್ಲು."

ಆಚೆಯಿಂದ ನಗು ಕೇಳಿತು.

"ನಮ್ಮಕ್ಕನ್ನ ಕೊಟ್ಟ ಊರಾಗೂ ಒಂದೈತಿ. ಅವ್ರೂ ಅದ ಕಥಿ ಹೇಳ್ತಾರ. ಕಥಿ ಹೇಳಾಕಿ ಯಾವೂರಾಕಿನೋ ಬಾವೀನೂ ಅದ ಊರಿಂದು. ಹುಡುಗ್ರು ಬಾವ್ಯಾಗ ಇಣಕಬಾರದು ನೋಡು, ಅದಕ್ಕ ಒಬ್ಬಾಕೀನ ಕುಂದರಿಸಿ ಬಿಡೂದು."

"ಮತ್ತ ಆ ಬೋರಲ ಕೊಡ?"

"ಬೆಳಗಿದ ಕೊಡ ಬೋರಲ ಹಾಕದ ತಲಿ ಮ್ಯಾಲ ಹೊತಗೊಂಡು ಕುಣೀತಾರೇನ? ಹುಚ್ಚಿ! ಹೋಗು, ಮೊದಲ ಉಣ್ಣು."

ರಿಸೀವರ್ ಇಟ್ಟೆ. ಎದುರಿನ ಮೇಜಿನಿಂದ ಸುಬ್ಬು ನೋಡುತ್ತಿದ್ದ.

"ಏನಮ್ಮಾ, ಇಂಗು ತಿಂದ ಮಂಗನ ಥರ ಆಗಿದೆ ಮುಖ?"

ಹೇಳಿದೆ. ಅವನು ನಗಲಿಲ್ಲ. ಎದ್ದು ಬಾಗಿಲು ಮುಂದೆ ಮಾಡಿ ಬಂದ.

"ಅಲ್ಲಾ ತಾಯೀ, ಅಜ್ಜಿ ಕಥೆ ತಂದು ಡೇಟಾಬೇಸ್‌ಗೆ ಹಾಕ್ತಾರಾ? ಸರಿ, ಆಗಿದ್ದಾಯ್ತು. ಯಾರು ಟೈಪ್ ಮಾಡಿದ್ದು ಅಂತ ಎಡಿಟ್ ಲಾಗ್‌ನಲ್ಲಿ ನಿನ್ನ ಐಡಿ ಇರುತ್ತೆ. ಅದನ್ನ ನಾನು ಕ್ಲಿಯರ್ ಮಾಡ್ತೀನಿ. ಹಳೇ ಕಾರ್ಡಲ್ಲೇ ಹಂಗಿತ್ತು ಅನ್ನು. ಆ ಕಾರ್ಡೊಂದು ಮಿಸ್ ಆಗಿಬಿಡ್ಲಿ. ನಾಲ್ಕು ಸಾವಿರದಲ್ಲಿ ಒಂದು."

"ಹ್ಯಾರಿಯೆಟ್ ಮೇಲೆ ಬರುತ್ತಲ್ಲೋ."

"ಬಂದ್ರೆ ಏನೀಗ? ರಿಟೈರಾಗಿ ನಾಲ್ಕು ವರ್ಷ ಆಯ್ತು. ಆಯಮ್ಮಂಗೆ ವೀಸಾ ಬೇಕಾ?"

ಹ್ಯಾರಿಯೆಟ್ ಬಗ್ಗೆ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಧ್ಯಾಹ್ನವಿಡೀ ನಾನು ಹೂಂ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಕಾರ್ಡನ್ನು ಡ್ರಾಯರಿನಿಂದ ತೆಗೆದು ಸ್ವೆಟರಿನ ಜೇಬಿಗೆ ಹಾಕಿಕೊಂಡೆ. ನಾಲ್ಕೂಕಾಲಿಗೆ ಮೇಲಕ್ಕೆ ಹೋದೆ.

ಹಜಾರದಲ್ಲಿ ಗಾಜಿನ ಲೋಟಗಳನ್ನು ಜೋಡಿಸುತ್ತಿದ್ದರು. ಬಾವಿಯ ಚಿತ್ರದ ಮುಂದೆ ಊರುಗೋಲು ಹಿಡಿದ ಒಬ್ಬ ವೃದ್ಧೆ, ಮೂಗು ಗೋಡೆಗೆ ತಾಗುವಷ್ಟು ಬಾಗಿ ಫಲಕ ಓದುತ್ತಿದ್ದರು. ಪಕ್ಕದಲ್ಲಿ ಡಾಕ್ಟರ್ ಹ್ಯಾಡ್ಲಿ.

"ಅನು, ಒಳ್ಳೆಯ ಹೊತ್ತಿಗೆ ಬಂದೆ. ಇವರೇ ಹ್ಯಾರಿಯೆಟ್. ಹ್ಯಾರಿಯೆಟ್, ಈ ಹೆಸರು ನಿಮ್ಮ ಕಾರ್ಡಿನದೇ ತಾನೆ?"

ಹ್ಯಾರಿಯೆಟ್ ಫಲಕವನ್ನು ಇನ್ನೊಮ್ಮೆ ಓದಿದರು. ತುಟಿ ಅಲ್ಲಾಡುತ್ತಿತ್ತು. ಡಾಕ್ಟರ್ ಹ್ಯಾಡ್ಲಿಯವರ ಕಡೆ ತಿರುಗಿದರು. "ನೆನಪಾಗುತ್ತಿಲ್ಲವಲ್ಲ, ಕ್ಲೇರ್. ಬರೆದಿದ್ದೆನೇನೋ. ಯಾವುದಾದರೂ ಪತ್ರದಲ್ಲಿ ಓದಿರಬೇಕು. ಈಚೆಗೆ ಎಲ್ಲ ಜಾರಿಹೋಗುತ್ತದೆ." ಮೊದಲು ನಕ್ಕರು. ಆಮೇಲೆ ನಗು ಹೋಯಿತು. ತಮ್ಮದೇ ಮನೆಯಲ್ಲಿ ದಾರಿ ತಪ್ಪಿದವರ ಹಾಗೆ ಗೋಡೆಯಿಂದ ಗೋಡೆಗೆ ನೋಡಿದರು. "ಬರೆದದ್ದು ಮರೆಯುತ್ತೇನೆಯೇ ನಾನು?"

"ಬರೆದಿಲ್ಲ ನೀವು" ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. ಲೋಟ ಜೋಡಿಸುತ್ತಿದ್ದವರು ತಿರುಗಿ ನೋಡಿದರು. ಜೇಬಿನಿಂದ ಕಾರ್ಡು ತೆಗೆದು ಅವರ ಕೈಗೇ ಕೊಟ್ಟೆ. "ಊರಿನ ಹೆಸರು ನಾನು ಸೇರಿಸಿದ್ದು. ನಮ್ಮಜ್ಜಿ ಹೇಳುತ್ತಿದ್ದ ಕಥೆಯಿಂದ. ಬೇರೆ ಆಧಾರ ಏನೂ ಇಲ್ಲ."

ಡಾಕ್ಟರ್ ಹ್ಯಾಡ್ಲಿ ಕಾರ್ಡಿನತ್ತ ನೋಡಲಿಲ್ಲ, ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಫಲಕದ ಅಂಚಿಗೆ ಉಗುರು ಕೊಟ್ಟು ಒಂದೇ ಸಲ ಕಿತ್ತರು. ಅಂಟಿನ ಜೊತೆ ಗೋಡೆಯ ಬಣ್ಣವೂ ಅಂಗೈಯಗಲ ಎದ್ದು ಬಂತು.

"ಇನ್ನೆಷ್ಟು?" ಎಂದರು.

"ಇದೊಂದೇ."

"ನಾಲ್ಕು ಸಾವಿರ ದಾಖಲೆ ನೀನು ತುಂಬಿದ್ದೀಯ. ಇದೊಂದೇ ಅಂತ ನಾನು ಹೇಗೆ ನಂಬಲಿ?"

ಬೆಳಗಿನಿಂದ ನಾನು ಒಂದು ಬಾವಿಯ ಬಗ್ಗೆ ಮಾತ್ರ ಹೆದರಿದ್ದೆ.

ಅವರು ಅಲ್ಲಿಂದಲೇ ಸುಬ್ಬುಗೆ ಫೋನ್ ಮಾಡಿ ನನ್ನ ಲಾಗಿನ್ ಮುಚ್ಚಿಸಿದರು. "ಒಂದೊಂದು ಕಾರ್ಡನ್ನೂ ದಾಖಲೆಯ ಪಕ್ಕ ಇಟ್ಟು ನೋಡಬೇಕು. ಅದಾಗುವವರೆಗೆ ಸಹಿಯ ಮಾತೇ ಇಲ್ಲ. ಲಂಡನ್ನಿನವರಿಗೆ ಏನು ಹೇಳಬೇಕೋ ನಾನು ಹೇಳಿಕೊಳ್ಳುತ್ತೇನೆ." ಕಿತ್ತ ಫಲಕವನ್ನು ಹಿಡಿದುಕೊಂಡು ಬಾಗಿಲ ಕಡೆ ನಡೆದರು.

ಹ್ಯಾರಿಯೆಟ್ ಇನ್ನೂ ಕಾರ್ಡು ನೋಡುತ್ತ ನಿಂತಿದ್ದರು. "ನನ್ನ ಅಕ್ಷರ. ನಾನು ಬರೆದಷ್ಟೇ ಇದೆ" ಎಂದು ಎರಡು ಸಲ ಹೇಳಿಕೊಂಡರು. ಆಮೇಲೆ ಊರುಗೋಲನ್ನು ಇನ್ನೊಂದು ಕೈಗೆ ಬದಲಿಸಿ ನನ್ನ ತೋಳು ಹಿಡಿದರು. "ಮೆಟ್ಟಿಲು ಕಡಿದಾಗಿದೆ, ಹಿಡಿದುಕೊ. ಯಾವ ಡ್ರಾಯರಿನಿಂದ ಶುರುಮಾಡೋಣ?"

ಉದ್ಘಾಟನೆ ಮೇಲೆ ನಡೆಯಿತು. ನಾವು ಕೆಳಗಿದ್ದೆವು. ಸುಬ್ಬು ತನ್ನ ಲಾಗಿನ್ನಿನಲ್ಲಿ ದಾಖಲೆ ತೆರೆದು ಕೊಟ್ಟು, ನನ್ನ ಕಡೆ ನೋಡದೆ ರೈಲಿಗೆ ಓಡಿದ. ಹ್ಯಾರಿಯೆಟ್ ಕಾರ್ಡು ಓದಿದರು, ನಾನು ಪರದೆಯ ಮೇಲೆ ಬೆರಳಿಟ್ಟು ಹೋಲಿಸಿದೆ. ಮೇಲೆ ಜನರ ಹೆಜ್ಜೆ ಸದ್ದು, ಒಮ್ಮೆ ಚಪ್ಪಾಳೆ. ಆರು ಕಾರ್ಡು ಸರಿಯಾದವು. ಏಳನೆಯದರಲ್ಲಿ ಅವರು "ಸಾವಿರದ ಏಳುನೂರ ತೊಂಬತ್ತೊಂದು" ಎಂದು ಓದಿದರು. ಪರದೆಯ ಮೇಲೆ ತೊಂಬತ್ತೇಳು ಇತ್ತು.

"ಇಲ್ಲಿ ಬೇರೆ ಇದೆ" ಎಂದೆ.

ಅವರು ಕನ್ನಡಕ ಏರಿಸಿ ಕಾರ್ಡನ್ನು ದೀಪದ ಕೆಳಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಒಂದಲ್ಲ, ಏಳೇ ಇದು. ಅವತ್ತು ಮಸಿ ಸರಿಯಿರಲಿಲ್ಲ" ಎಂದು ಕಾರ್ಡನ್ನು ಮಗುಚಿ ಇಟ್ಟರು. "ಮುಂದಿನದು ಕೊಡು."